ಒಡೆದ ತುಟಿಗೆ ಒಂದು ಮದ್ದು, ತುಟಿಯ ಗುಳ್ಳೆಗೆ ಇನ್ನೊಂದು: ಮಲೆನಾಡಿನವರಿಗೆ ಒಂದು ಹೋಲಿಕೆ

ಅಡಿಕೆ ಕೊಯ್ಲು ಶುರುವಾಗಿ, ಬೆಳಗಿನ ಇಬ್ಬನಿ ಹೊತ್ತೇರುವವರೆಗೂ ತೋಟದ ಮೇಲೆ ಆರದೆ ನಿಂತಿರುವ ದಿನಗಳಲ್ಲಿ, ಮಧ್ಯಾಹ್ನದ ಒಣ ಮೂಡುಗಾಳಿಗೆ ಮಲೆನಾಡಿನವರ ತುಟಿಗಳು ಬಿರಿಯತೊಡಗುತ್ತವೆ. ತೀರ್ಥಹಳ್ಳಿಯಾಗಲಿ, ಹೊಸನಗರವಾಗಲಿ, ಸಾಗರವಾಗಲಿ, ಔಷಧದ ಅಂಗಡಿಗೆ ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: “ತುಟಿಗೆ ಹಚ್ಚಲಿಕ್ಕೆ ಏನಾದರೂ ಕೊಡಿ.” ಹೀಗೆ ಕೇಳುವವರಲ್ಲಿ ಹೆಚ್ಚಿನವರದು ಬರೀ ಒಣಗಿ ಒಡೆದ ತುಟಿ, ಕೆಲವರದು ಮಾತ್ರ ವೈರಾಣುವಿನಿಂದ ಎದ್ದ ಗುಳ್ಳೆ. ಮೊದಲನೆಯದಕ್ಕೆ ಬೇಕಾದದ್ದು ಜಿಡ್ಡು, ಎರಡನೆಯದಕ್ಕೆ ಬೇಕಾದದ್ದು ವೈರಾಣುವನ್ನು ತಡೆಯುವ ಔಷಧ, ಅದೂ ಬೇಗ. ಒಂದರ ಮದ್ದು ಇನ್ನೊಂದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಆದ್ದರಿಂದ ಯಾವ ಡಬ್ಬಿ ಒಳ್ಳೆಯದು ಎಂದು ಕೇಳುವ ಮೊದಲು, ಕನ್ನಡಿಯ ಮುಂದೆ ನಿಂತು ತುಟಿಗೆ ಆಗಿರುವುದು ಏನು ಎಂದು ನೋಡಿಕೊಳ್ಳಬೇಕು.

ಗುರುತು ಹಿಡಿಯುವ ಬಗೆ

ಒಣಗಿ ಒಡೆದ ತುಟಿ ಸಾಮಾನ್ಯವಾಗಿ ಇಡೀ ತುಟಿಯ ತೊಂದರೆ. ಮೇಲಿನ ತುಟಿಗಿಂತ ಕೆಳತುಟಿಯಲ್ಲಿ ಹೆಚ್ಚಾಗಿ ಸಿಪ್ಪೆ ಏಳುತ್ತದೆ, ನಗುವಾಗ ನಡುವೆ ಸೀಳಿ ರಕ್ತ ಜಿನುಗುತ್ತದೆ, ಉಪ್ಪಿನಕಾಯಿ ತಾಗಿದರೆ ಉರಿಯುತ್ತದೆ. ಗುಳ್ಳೆಯ ಸ್ವಭಾವ ಬೇರೆ. ಅದು ಒಂದು ಕಡೆಗೆ, ತುಟಿಯ ಕೆಂಪು ಭಾಗ ಮುಗಿದು ಮುಖದ ಚರ್ಮ ಶುರುವಾಗುವ ಅಂಚಿನಲ್ಲಿ ಏಳುತ್ತದೆ. ಕಣ್ಣಿಗೆ ಏನೂ ಕಾಣುವ ಮೊದಲೇ ಆ ಜಾಗದಲ್ಲಿ ಚುಮುಚುಮು ಎನ್ನುತ್ತದೆ, ತುರಿಸುತ್ತದೆ ಅಥವಾ ಬಿಗಿದಂತಾಗುತ್ತದೆ. ಬೆರಳಿಟ್ಟರೆ ಸ್ವಲ್ಪ ಬಿಸಿಯೂ ಅನ್ನಿಸಬಹುದು. ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ, ಅಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ನೀರುಗುಳ್ಳೆಗಳು ಗುಂಪಾಗಿ ಮೂಡುತ್ತವೆ. ಅವು ಒಂದಕ್ಕೊಂದು ಕೂಡಿ ಒಡೆಯುತ್ತವೆ, ರಸಿಕೆ ಸೋರುತ್ತದೆ, ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ, ಏಳರಿಂದ ಹತ್ತು ದಿನಗಳಲ್ಲಿ ಹಕ್ಕಳೆ ಉದುರಿ ಕಲೆಯಿಲ್ಲದೆ ಮಾಯುತ್ತದೆ. ಹಿಂದೆ ಗುಳ್ಳೆ ಬಂದವರಿಗೆ ಮತ್ತೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬರುವುದೂ ಒಂದು ಗುರುತು.

ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣು, ಹೆಚ್ಚಾಗಿ ಅದರ ಮೊದಲ ಬಗೆ. ಊರಮನೆಗಳಲ್ಲಿ ಇದನ್ನು ಉಷ್ಣಕ್ಕೆ ಎದ್ದ ಗುಳ್ಳೆ ಎನ್ನುವುದುಂಟು, ರಾತ್ರಿ ಜೇಡವೋ ಹಲ್ಲಿಯೋ ಹರಿದದ್ದು ಎನ್ನುವವರೂ ಇದ್ದಾರೆ, ಎರಡೂ ಅಲ್ಲ. ಹೆಚ್ಚಿನವರಿಗೆ ಈ ವೈರಾಣು ಚಿಕ್ಕಂದಿನಲ್ಲೇ, ಮನೆಯವರ ಮುತ್ತಿನಿಂದಲೋ ಎಂಜಲಿನಿಂದಲೋ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನರ ಮೈಯಲ್ಲಿ ಇದು ಇದೆ, ಮತ್ತು ಅವರಲ್ಲಿ ಬಹಳ ಮಂದಿಗೆ ಒಮ್ಮೆಯೂ ಗುಳ್ಳೆ ಎದ್ದಿರುವುದಿಲ್ಲ. ಆದ್ದರಿಂದ ಗುಳ್ಳೆ ಬಂತೆಂದು ನಾಚಿಕೊಳ್ಳುವುದಕ್ಕೆ ಕಾರಣವಿಲ್ಲ. ವೈರಾಣು ಮುಖದ ನರದ ಬುಡದಲ್ಲಿರುವ ನರಗಂಟಿನಲ್ಲಿ ಅಡಗಿ ಕೂತಿರುತ್ತದೆ. ಜ್ವರ, ನೆಗಡಿ, ಬಿಸಿಲು, ನಿದ್ದೆಗೇಡು, ಮನಸ್ಸಿನ ಒತ್ತಡ, ಮುಟ್ಟಿನ ದಿನಗಳು ಅಥವಾ ತುಟಿಗೆ ಆದ ಗಾಯ ನೆಪವಾದಾಗ ನರದ ಜಾಡು ಹಿಡಿದು ಮತ್ತೆ ತುಟಿಗೆ ಬರುತ್ತದೆ. ಅದನ್ನು ಅಲ್ಲಿಂದ ಪೂರ್ತಿ ತೆಗೆದುಹಾಕುವ ಔಷಧ ಇನ್ನೂ ಬಂದಿಲ್ಲ. ಹಾಗೆಂದು ಹೇಳಿ ಮಾರುವ ಯಾವುದನ್ನೂ ಕೊಳ್ಳಬೇಕಾಗಿಲ್ಲ.

ಇವೆರಡೂ ಅಲ್ಲದ ಮೂರನೆಯದೊಂದಿದೆ: ಕಟಬಾಯಿ, ಅಂದರೆ ಬಾಯಿಯ ಎರಡೂ ಮೂಲೆಗಳು ಬಿರಿದು ಬೆಳ್ಳಗಾಗುವುದು. ಅದರಲ್ಲಿ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತದೆ. ಹಿಂದೆ ಕಬ್ಬಿಣಾಂಶದ ಅಥವಾ ಬಿ ಜೀವಸತ್ವಗಳ ಕೊರತೆ ಇರಬಹುದು, ಹಿರಿಯರಲ್ಲಿ ಸರಿಯಾಗಿ ಕೂರದ ಹಲ್ಲಿನ ಸೆಟ್ಟೂ ಕಾರಣವಾಗಬಹುದು. ಅದಕ್ಕೆ ಲಿಪ್ ಬಾಮ್ ಹಚ್ಚುತ್ತ ತಿಂಗಳು ಕಳೆಯುವುದಕ್ಕಿಂತ ಒಮ್ಮೆ ವೈದ್ಯರಿಗೆ ತೋರಿಸುವುದು ಲೇಸು. ಬಾಯಿಯ ಒಳಗೆ, ಕೆನ್ನೆಯ ಮೆದು ಭಾಗದಲ್ಲಿ ಏಳುವ ಬಿಳಿ ಬಾಯಿಹುಣ್ಣೂ ಈ ವೈರಾಣುವಿನದ್ದಲ್ಲ.

ಒಡೆದ ತುಟಿಗೆ: ಡಬ್ಬಿ, ಕಡ್ಡಿ, ತುಪ್ಪದ ಉಂಡೆ

ತುಟಿಯ ಚರ್ಮ ಬಹಳ ತೆಳು. ಮೈಯ ಉಳಿದ ಚರ್ಮದಲ್ಲಿರುವ ಎಣ್ಣೆಯ ಗ್ರಂಥಿಗಳಾಗಲಿ ಬೆವರಿನ ಗ್ರಂಥಿಗಳಾಗಲಿ ತುಟಿಯ ಕೆಂಪು ಭಾಗದಲ್ಲಿ ಇಲ್ಲದಂತೆಯೇ. ಹಾಗಾಗಿ ಒಳಗಿನ ನೀರು ಗಾಳಿಗೆ ಆರಿಹೋಗದಂತೆ ಮೇಲೊಂದು ಜಿಡ್ಡಿನ ಪದರ ಹಾಕುವುದೇ ಇಲ್ಲಿ ಚಿಕಿತ್ಸೆ. ಪದರ ಎಷ್ಟು ಹೊತ್ತು ನಿಲ್ಲುತ್ತದೆ ಮತ್ತು ಅದರಲ್ಲಿ ತುಟಿಯನ್ನು ಕೆರಳಿಸುವ ವಸ್ತು ಇದೆಯೇ ಇಲ್ಲವೇ, ಈ ಎರಡರಿಂದಲೇ ಎಲ್ಲ ಆಯ್ಕೆಗಳನ್ನೂ ಅಳೆಯಬಹುದು.

ಈ ಅಳತೆಯಲ್ಲಿ ಅಗ್ಗದ ಪೆಟ್ರೋಲಿಯಂ ಜೆಲ್ಲಿಯೇ ಮೊದಲು ನಿಲ್ಲುತ್ತದೆ. 1872ರಲ್ಲಿ ರಾಬರ್ಟ್ ಚೀಸ್‌ಬ್ರೊ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ವಸ್ತುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದಕ್ಕೆ ಅಲರ್ಜಿ ಆಗುವವರು ತೀರ ಅಪರೂಪ, ಮತ್ತು ನೀರಿನ ಪಸೆಯನ್ನು ಹಿಡಿದಿಡುವುದರಲ್ಲಿ ಅದನ್ನು ಮೀರಿಸುವ ವಸ್ತುಗಳು ಕಡಿಮೆ. ರಾತ್ರಿ ಮಲಗುವ ಮುನ್ನ ತುಟಿಯನ್ನು ಒದ್ದೆ ಬೆರಳಿನಿಂದ ಸವರಿ, ಆ ಪಸೆ ಆರುವ ಮೊದಲೇ ದಪ್ಪಗೆ ಹಚ್ಚಿಕೊಂಡರೆ ಸಾಮಾನ್ಯ ಒಡಕು ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಹಗಲಲ್ಲಿ ಅದರ ಅಂಟು ಕೆಲವರಿಗೆ ಹಿಡಿಸುವುದಿಲ್ಲ, ಧೂಳೂ ಮೆತ್ತಿಕೊಳ್ಳುತ್ತದೆ. ಬಿಸಿಲಿನಿಂದ ಅದು ರಕ್ಷಣೆ ಕೊಡುವುದಿಲ್ಲ.

ತೆಂಗಿನೆಣ್ಣೆ ಎಲ್ಲರ ಮನೆಯಲ್ಲೂ ಇರುತ್ತದೆ, ಒಳ್ಳೆಯದೂ ಹೌದು, ಆದರೆ ತುಟಿಯ ಮೇಲೆ ನಿಲ್ಲುವುದಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಎಣ್ಣೆ ಚಳಿಗಾಲದ ಬೆಳಗಿನಲ್ಲಿ ಬಾಟಲಿಯೊಳಗೆ ಕಲ್ಲಾಗಿದ್ದರೂ ತುಟಿಗೆ ಸೋಕಿದ ಕೂಡಲೇ ನೀರಾಗಿ ನಾಲಿಗೆಗೆ ಹೋಗುತ್ತದೆ. ಹಸುವಿನ ತುಪ್ಪದ್ದೂ ಅದೇ ಕತೆ, ಜೊತೆಗೆ ಅದರ ರುಚಿಗೆ ಮಕ್ಕಳು ಇನ್ನಷ್ಟು ನೆಕ್ಕುತ್ತಾರೆ. ಬೆಣ್ಣೆಯಲ್ಲಿ ನೀರಿನ ಅಂಶ ಇರುವುದರಿಂದ ಬಿರಿದ ತುಟಿಗೆ ನಾನು ಅದನ್ನು ಹೇಳುವುದಿಲ್ಲ.

ಇವುಗಳ ನಡುವೆ ಮಲೆನಾಡಿನದೇ ಆದ ಮುರುಗಲು ತುಪ್ಪಕ್ಕೆ ವಿಶೇಷ ಸ್ಥಾನ ಇದೆ. ಹಣ್ಣಿನ ಸಿಪ್ಪೆಯನ್ನು ಸಾರಿಗೋ ಶರಬತ್ತಿಗೋ ತೆಗೆದಿಟ್ಟುಕೊಂಡ ಮೇಲೆ ಉಳಿಯುವ ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ ಜಿಡ್ಡನ್ನು ಸೌಟಿನಿಂದ ತೆಗೆದು ತಣಿಸಿ ಉಂಡೆ ಕಟ್ಟಿದರೆ ಅದು ಮಾಸಲು ಬಿಳಿಯ, ಉಗುರಿನಿಂದ ಕೆರೆದರೆ ಪುಡಿಯಾಗಿ ಬರುವ ಗಟ್ಟಿ ತುಪ್ಪ. ಇದು ಕರಗುವುದು ಸುಮಾರು 40 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ತುಟಿಯ ಬಿಸಿಗಿಂತ ಮೇಲೆ. ಹಚ್ಚಿದ ಮೇಲೆ ಪದರ ಬೇಗ ಹರಿದುಹೋಗದೆ ನಿಲ್ಲುವುದಕ್ಕೆ ಇದೇ ಕಾರಣ. ಹಚ್ಚುವುದು ಕಷ್ಟವಾಗುವುದಕ್ಕೂ ಇದೇ ಕಾರಣ. ಉಂಡೆಯನ್ನು ನೇರವಾಗಿ ಒಡೆದ ತುಟಿಯ ಮೇಲೆ ಉಜ್ಜಿದರೆ ಸಿಪ್ಪೆ ಕಿತ್ತು ಬರುತ್ತದೆ. ಚಮಚದ ಬೆನ್ನಿನ ಮೇಲೆ ಒಂದು ಚೂರಿಟ್ಟು ದೀಪದ ಹತ್ತಿರ ಹಿಡಿದು ಕರಗಿಸಿ, ಉಗುರುಬೆಚ್ಚಗಾದ ಮೇಲೆ ಹಚ್ಚುವುದು ಹಿರಿಯರ ಪದ್ಧತಿ. ಇನ್ನೂ ಸುಲಭದ ದಾರಿಯೆಂದರೆ ಒಂದು ಪಾಲು ಮುರುಗಲು ತುಪ್ಪಕ್ಕೆ ಎರಡು ಪಾಲು ತೆಂಗಿನೆಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಒಣಗಿದ ಸಣ್ಣ ಡಬ್ಬಿಗೆ ಹೊಯ್ದಿಟ್ಟುಕೊಳ್ಳುವುದು. ಜೇನುಮೇಣ ಸಿಕ್ಕರೆ ಒಂದು ಚೂರು ಸೇರಿಸಬಹುದು, ಆಗ ಬೇಸಿಗೆಯಲ್ಲೂ ತೀರ ತೆಳುವಾಗುವುದಿಲ್ಲ. ಉಪ್ಪಾಗೆ ಬೀಜದ ತುಪ್ಪವನ್ನೂ ಕೆಲವು ಮನೆಗಳಲ್ಲಿ ಹೀಗೆಯೇ ಬಳಸುತ್ತಾರೆ. ಒಳ್ಳೆಯ ಮುರುಗಲು ತುಪ್ಪ ಮನೆಯಲ್ಲಿದ್ದವರು ಬೇರೆ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯದಾಗಿ ಕಮಟು ವಾಸನೆ ಬಂದದ್ದನ್ನು ಮಾತ್ರ ತುಟಿಗೆ ಹಚ್ಚಬಾರದು.

ಅಂಗಡಿಯ ಲಿಪ್ ಬಾಮ್‌ಗಳಲ್ಲಿ ಆರಿಸುವಾಗ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಬೇಕು. ಮೆಂಥಾಲ್, ಕರ್ಪೂರ, ಫೀನಾಲ್, ಸ್ಯಾಲಿಸಿಲಿಕ್ ಆಮ್ಲ, ದಾಲ್ಚಿನ್ನಿ ಅಥವಾ ಪುದೀನದ ಸುವಾಸನೆ ಇದ್ದರೆ ಬಿಟ್ಟುಬಿಡಿ. ಹಚ್ಚಿದಾಗ ಬರುವ ತಣ್ಣನೆಯ ಚುರುಕು ಔಷಧ ಕೆಲಸ ಮಾಡುತ್ತಿರುವ ಗುರುತಲ್ಲ, ತುಟಿ ಕೆರಳುತ್ತಿರುವ ಗುರುತು. ಕೆರಳಿದ ತುಟಿ ಮತ್ತೆ ಒಣಗುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ, ಡಬ್ಬಿ ಬೇಗ ಖಾಲಿಯಾಗುತ್ತದೆ. ಬರೀ ಗ್ಲಿಸರಿನ್ ಹಚ್ಚುವುದೂ ಒಣಗಾಳಿಯಲ್ಲಿ ಉಪಯೋಗವಿಲ್ಲ, ಅದರ ಮೇಲೆ ಜಿಡ್ಡಿನ ಪದರ ಬೇಕು. ಲ್ಯಾನೊಲಿನ್ ಇರುವ ಮುಲಾಮು ಚೆನ್ನಾಗಿ ಹಿಡಿಯುತ್ತದೆ, ಆದರೆ ಕೆಲವರಿಗೆ ಒಗ್ಗುವುದಿಲ್ಲ. ಸಾಮಗ್ರಿಗಳ ಪಟ್ಟಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಹಗಲೆಲ್ಲ ಬಿಸಿಲಲ್ಲಿ ಇರುವವರು, ಅಂದರೆ ಅಂಗಳದಲ್ಲಿ ಅಡಿಕೆ ಹರವುವವರು, ಗದ್ದೆ ಕೆಲಸದವರು, ಬೈಕಿನಲ್ಲಿ ಘಾಟಿ ಹತ್ತಿಳಿಯುವವರು ಮಾತ್ರ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30 ಅಥವಾ ಹೆಚ್ಚು ಇರುವ ಬಾಮ್‌ಗೆ ದುಡ್ಡು ಹಾಕುವುದು ಸಾರ್ಥಕ. ತುಟಿಯಲ್ಲಿ ಬಿಸಿಲನ್ನು ತಡೆಯುವ ಬಣ್ಣದ ಕಣ ಕಡಿಮೆ.

ಯಾವುದನ್ನು ಹಚ್ಚಿದರೂ ತುಟಿ ನೆಕ್ಕುವ ಅಭ್ಯಾಸ ಬಿಡದಿದ್ದರೆ ಗುಣ ಕಾಣುವುದಿಲ್ಲ. ಉಗುಳು ಆರುವಾಗ ಇದ್ದ ಪಸೆಯನ್ನೂ ಕೊಂಡೊಯ್ಯುತ್ತದೆ, ಅದರಲ್ಲಿರುವ ಜೀರ್ಣರಸಗಳು ತುಟಿಯನ್ನು ತಿನ್ನುತ್ತವೆ. ಶಾಲೆಯ ಮಕ್ಕಳ ಬಾಯಿಯ ಸುತ್ತ ಕೆಂಪು ಬಳೆಯಂತೆ ಕಾಣುವುದು ಹೆಚ್ಚಾಗಿ ಇದರಿಂದಲೇ. ಎಲೆಯಡಿಕೆ ಹಾಕುವವರಲ್ಲಿ ಸುಣ್ಣ ತುಟಿಯ ಅಂಚನ್ನು ಸುಡುತ್ತದೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ಗಂಟೆಗಟ್ಟಲೆ ನಿಲ್ಲುವವರು ಕೆಲಸಕ್ಕೆ ಇಳಿಯುವ ಮೊದಲೇ ಜಿಡ್ಡು ಹಚ್ಚಿಕೊಳ್ಳುವುದು ಒಳ್ಳೆಯದು, ಏಕೆಂದರೆ ಚೊಗರು ಹಿಡಿದ ಕೈಯಿಂದ ನಡುವೆ ಹಚ್ಚಲಾಗುವುದಿಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವ ಯುವಕ ಯುವತಿಯರ ತುಟಿ ಒಡೆಯುವುದು ಆ ಮಾತ್ರೆಯಿಂದ. ಅವರು ಚಳಿಯನ್ನು ಬೈಯದೆ ದಿನಕ್ಕೆ ಹಲವು ಬಾರಿ ಜೆಲ್ಲಿ ಹಚ್ಚಿಕೊಂಡು, ತೀರ ಹೆಚ್ಚಾದರೆ ಮಾತ್ರೆ ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಗುಳ್ಳೆಗೆ: ಕ್ರೀಮೋ, ಮಾತ್ರೆಯೋ

ಇಲ್ಲಿ ಔಷಧದ ಹೆಸರಿಗಿಂತ ಶುರುಮಾಡುವ ಹೊತ್ತು ಮುಖ್ಯ. ವೈರಾಣು ಭರದಿಂದ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುವುದು ಮೊದಲ ಒಂದೆರಡು ದಿನಗಳಲ್ಲಿ. ನಮ್ಮಲ್ಲಿರುವ ಔಷಧಗಳೆಲ್ಲ ಆ ಹೆಚ್ಚಳವನ್ನು ತಡೆಯುವಂಥವೇ ಹೊರತು, ಆದ ಹುಣ್ಣನ್ನು ಮಾಯಿಸುವಂಥವಲ್ಲ. ಹಕ್ಕಳೆ ಕಟ್ಟಿದ ಮೇಲೆ ತಂದ ಅತ್ಯುತ್ತಮ ಔಷಧಕ್ಕಿಂತ ಚುಮುಚುಮು ಎಂದ ಗಂಟೆಯಲ್ಲೇ ತೆಗೆದುಕೊಂಡ ಸಾಮಾನ್ಯ ಔಷಧ ಮೇಲು.

ಅಸೈಕ್ಲೋವಿರ್ 5 ಪ್ರತಿಶತ ಕ್ರೀಮ್ ಎಲ್ಲ ಕಡೆ ಸಿಗುತ್ತದೆ. ದಿನಕ್ಕೆ ಐದು ಬಾರಿಯಂತೆ ನಾಲ್ಕೈದು ದಿನ ಹಚ್ಚಬೇಕು. ಬೇಗ ಶುರುಮಾಡಿದರೆ ಗುಳ್ಳೆ ಅರ್ಧ ದಿನದಿಂದ ಒಂದು ದಿನದಷ್ಟು ಮೊದಲು ಮಾಯಬಹುದು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು. ಗದ್ದೆ ತೋಟದ ಕೆಲಸದ ನಡುವೆ ಕೈ ತೊಳೆದು ಐದು ಬಾರಿ ಹಚ್ಚುವುದು ಎಷ್ಟು ಜನರಿಂದ ಆದೀತು ಎಂಬುದೂ ಪ್ರಶ್ನೆಯೇ. ಪೆನ್ಸೈಕ್ಲೋವಿರ್ ಕ್ರೀಮ್ ಎಚ್ಚರವಿರುವಷ್ಟು ಹೊತ್ತೂ ಎರಡೆರಡು ಗಂಟೆಗೊಮ್ಮೆ ಹಚ್ಚಬೇಕಾದದ್ದು, ಇನ್ನೂ ಕಷ್ಟ.

ಮಾತ್ರೆಗಳಲ್ಲಿ ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್, ಫ್ಯಾಮ್‌ಸೈಕ್ಲೋವಿರ್ ಎಂಬ ಮೂರಿವೆ. ಇವು ಗುಳ್ಳೆಯ ಅವಧಿಯನ್ನು ಸುಮಾರು ಒಂದು ದಿನ ಕಡಿಮೆ ಮಾಡುತ್ತವೆ. ಅಂಕಿಯಲ್ಲಿ ಕ್ರೀಮ್‌ಗಿಂತ ಬಹಳ ಮೇಲೆ ಕಾಣದಿದ್ದರೂ ಬಳಸುವ ಸುಲಭದಲ್ಲಿ ತುಂಬ ಮುಂದಿವೆ. ವ್ಯಾಲಸೈಕ್ಲೋವಿರ್ ಅನ್ನು ದೊಡ್ಡವರಿಗೆ 2 ಗ್ರಾಂನಂತೆ ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಸಲ ಕೊಟ್ಟು ಒಂದೇ ದಿನಕ್ಕೆ ಮುಗಿಸುತ್ತಾರೆ. ಫ್ಯಾಮ್‌ಸೈಕ್ಲೋವಿರ್ ಅನ್ನು 1500 ಮಿಲಿಗ್ರಾಂನಷ್ಟು ಒಂದೇ ಸಲಕ್ಕೆ ಕೊಡುವ ಕ್ರಮವೂ ಇದೆ. ಹಳೆಯ ಅಸೈಕ್ಲೋವಿರ್ ಮಾತ್ರೆಯಾದರೆ ದಿನಕ್ಕೆ ಹಲವು ಬಾರಿಯಂತೆ ಐದು ದಿನ ನುಂಗಬೇಕು. ಈ ಗುಂಪಿನ ಔಷಧ ಸೋಂಕು ತಗಲಿದ ಜೀವಕೋಶದಲ್ಲಿ ಮಾತ್ರ, ವೈರಾಣುವಿನದೇ ಕಿಣ್ವದಿಂದ ಚುರುಕಾಗುವುದರಿಂದ ಉಳಿದ ಜೀವಕೋಶಗಳಿಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಆದರೂ ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ, ಬಸುರಿಯರಿಗೂ ಮಕ್ಕಳಿಗೂ ವೈದ್ಯರೇ ನಿರ್ಧರಿಸಬೇಕು. ಆದ್ದರಿಂದ ಇದನ್ನು ಚೀಟಿಯಿಲ್ಲದೆ ನುಂಗುವಂತಿಲ್ಲ.

ಮಲೆನಾಡಿನ ತೊಡಕು ಇಲ್ಲಿಯೇ ಇದೆ. ಶಿವಮೊಗ್ಗ ನಗರದಲ್ಲಿದ್ದವರು ಚುಮುಚುಮು ಎಂದ ದಿನವೇ ವೈದ್ಯರನ್ನು ಕಂಡು ಸಂಜೆಯೊಳಗೆ ಮಾತ್ರೆ ನುಂಗಬಹುದು. ಬಸ್ಸು ದಿನಕ್ಕೆ ಒಂದೋ ಎರಡೋ ಬರುವ ಒಂಟಿಮನೆಯವರಿಗೆ ಪೇಟೆಗೆ ಹೋಗಿಬರುವ ಹೊತ್ತಿಗೆ ಔಷಧದ ಹೊತ್ತು ಮೀರಿರುತ್ತದೆ. ವರ್ಷಕ್ಕೆ ಮೂರು ನಾಲ್ಕು ಬಾರಿ ಗುಳ್ಳೆ ಏಳುವವರು ಆರಾಮಾಗಿರುವಾಗಲೇ ಒಮ್ಮೆ ವೈದ್ಯರಲ್ಲಿಗೆ ಹೋಗಿ, ಮುಂದಿನ ಸಲಕ್ಕೆ ಬೇಕಾದ ಮಾತ್ರೆಗಳನ್ನು ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳುವುದು ಸರಿಯಾದ ಕ್ರಮ. ಗುಳ್ಳೆ ಎದ್ದಿದ್ದಾಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದ್ದರೆ ವೈದ್ಯರಿಗೂ ಗುರುತು ಹಿಡಿಯುವುದು ಸುಲಭ. ಜನೌಷಧಿ ಕೇಂದ್ರದಲ್ಲಿ ಸಿಗುವ ಜೆನೆರಿಕ್ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ. ಗುಳ್ಳೆ ಆಗಲೇ ಒಡೆದು ಹಕ್ಕಳೆ ಕಟ್ಟಿದ್ದರೆ ಮಾತ್ರೆಗೆ ಓಡಾಡದೆ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಹಕ್ಕಳೆ ಸೀಳದಂತೆ ನೋಡಿಕೊಂಡು, ನೋವಿದ್ದರೆ ಪ್ಯಾರಸಿಟಮಾಲ್ ತೆಗೆದುಕೊಂಡು ಕಾಯುವುದೇ ಜಾಣತನ.

ಜೇನುತುಪ್ಪದ ವಿಷಯವನ್ನು ಬಹಳ ಜನ ಕೇಳುತ್ತಾರೆ. ನ್ಯೂಜಿಲೆಂಡಿನಲ್ಲಿ 952 ಮಂದಿ ವಯಸ್ಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲ್ಲಿಯ ಕಾನುಕಾ ಹೂವಿನ ಜೇನಿನ ಕ್ರೀಮ್ ಮತ್ತು ಅಸೈಕ್ಲೋವಿರ್ ಕ್ರೀಮ್ ಹಚ್ಚಿದವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಜೇನು ಬಹಳ ಒಳ್ಳೆಯದೆಂದು ಹಿಗ್ಗುವ ಬದಲು, ಕ್ರೀಮ್ ಅಷ್ಟೇನೂ ಬಲವಾದುದಲ್ಲ ಎಂದೂ ಓದಬಹುದು. ಅಲ್ಲಿ ಬಳಸಿದ್ದು ಔಷಧಕ್ಕೆಂದು ಶುದ್ಧಮಾಡಿದ ಜೇನು. ನಮ್ಮ ತುಡುವೆ ಜೇನಿಗೆ ಆ ಫಲಿತಾಂಶವನ್ನು ಹಾಗೆಯೇ ಅಂಟಿಸಲಾಗದು. ಹಚ್ಚಿದರೆ ದೊಡ್ಡವರಿಗೆ ಕೇಡಿಲ್ಲ. ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಮಾತ್ರ ಜೇನು ತಾಗಬಾರದು. ಲೋಳೆಸರದ ತಿರುಳು ತಂಪು ಕೊಡುತ್ತದೆ, ಅಷ್ಟೇ. ನಿಂಬೆರಸ, ಸುಣ್ಣ, ಟೂತ್‌ಪೇಸ್ಟ್, ತಲೆನೋವಿನ ಬಾಮ್ ಇವು ಸುಟ್ಟು ಗಾಯ ದೊಡ್ಡದು ಮಾಡುತ್ತವೆ. ಇವೆಲ್ಲಕ್ಕಿಂತ ಕೆಟ್ಟದ್ದು, ತುರಿಕೆಗೆಂದು ಮನೆಯಲ್ಲಿಟ್ಟ ಸ್ಟೆರಾಯ್ಡ್ ಮಿಶ್ರಣದ ಟ್ಯೂಬನ್ನು ಗುಳ್ಳೆಗೂ ಹಚ್ಚುವುದು. ಅದು ಕೆಂಪನ್ನು ಒಂದು ದಿನ ಇಳಿಸಿದಂತೆ ತೋರಿಸಿ ವೈರಾಣುವಿಗೆ ದಾರಿ ಬಿಟ್ಟುಕೊಡುತ್ತದೆ.

ಬಾರದಂತೆ, ಹರಡದಂತೆ

ಬಿಸಿಲಿಗೆ ಹೋದಾಗಲೆಲ್ಲ ಗುಳ್ಳೆ ಏಳುವವರಿಗೆ ಎಸ್‌ಪಿಎಫ್ ಬಾಮ್ ಮತ್ತು ಅಗಲ ಅಂಚಿನ ಟೋಪಿ ಮೊದಲ ಆಯ್ಕೆ. ಒಡೆದ ತುಟಿಯೂ ಗುಳ್ಳೆಗೆ ನೆಪವಾಗಬಲ್ಲದು, ಆದ್ದರಿಂದ ಇಂಥವರು ಚಳಿಗಾಲದಲ್ಲಿ ಜಿಡ್ಡನ್ನು ತಪ್ಪಿಸಬಾರದು. ಗುಳ್ಳೆ ತಡೆಯಲೆಂದು ಕೆಲವರು ನುಂಗುವ ಲೈಸಿನ್ (ಒಂದು ಅಮೈನೊ ಆಮ್ಲ) ಮಾತ್ರೆಗಳಿಗೆ ಗಟ್ಟಿ ಆಧಾರವಿಲ್ಲ, ಅದಕ್ಕೆ ಖರ್ಚು ಬೇಡ. ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಾರಿ ಬರುವವರಿಗೆ ಕಡಿಮೆ ಪ್ರಮಾಣದ ಮಾತ್ರೆಯನ್ನು ತಿಂಗಳುಗಟ್ಟಲೆ ದಿನವೂ ಕೊಡುವ ಕ್ರಮವಿದೆ. ಅದು ನಿಜಕ್ಕೂ ಗುಳ್ಳೆಗಳ ಸಂಖ್ಯೆಯನ್ನು ಇಳಿಸುತ್ತದೆ.

ಗುಳ್ಳೆ ಇದ್ದಾಗ, ಅದರಲ್ಲೂ ರಸಿಕೆ ಸೋರುವಾಗ, ಮುಟ್ಟಿದ ಕೈಯನ್ನು ಸಾಬೂನಿನಲ್ಲಿ ತೊಳೆಯಬೇಕು, ಆ ಕೈ ಕಣ್ಣಿಗೆ ಹೋಗಬಾರದು. ಟವೆಲ್, ಲೋಟ, ಲಿಪ್ ಬಾಮ್ ಬೇರೆ ಇರಲಿ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ನಮ್ಮ ಕಡೆಯ ರೂಢಿ ಇಲ್ಲಿ ಬಹಳ ಉಪಕಾರಿ. ಡಬ್ಬಿಯ ಮುಲಾಮನ್ನು ಬೆರಳಿನ ಬದಲು ಹತ್ತಿಯ ಕಡ್ಡಿಯಲ್ಲಿ ತೆಗೆಯುವುದು ಸರಿ. ಬಾಣಂತಿ ಮನೆಗೆ ಹೋಗಿ ಕೂಸನ್ನು ಮುದ್ದಿಸುವುದನ್ನು ಮಾತ್ರ ಹಕ್ಕಳೆ ಪೂರ್ತಿ ಉದುರುವವರೆಗೆ ಮುಂದೂಡಲೇಬೇಕು. ಹಸುಗೂಸಿಗೆ ಈ ಸೋಂಕು ತಗಲಿದರೆ ಜೀವಕ್ಕೇ ಅಪಾಯ, ಮತ್ತು ಅಜ್ಜಿಯಾದರೂ ಅತ್ತೆಯಾದರೂ ಇದರಲ್ಲಿ ದಾಕ್ಷಿಣ್ಯ ಸಲ್ಲದು.

ಯಾವಾಗ ಕಾಯಬಾರದು

ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮಧುಮೇಹ ಹತೋಟಿಯಲ್ಲಿ ಇಲ್ಲದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಇಸುಬು ಇರುವ ಮಕ್ಕಳು ಗುಳ್ಳೆ ಹರಡುವುದನ್ನು ನೋಡುತ್ತ ಕೂರಬಾರದು. ಚಿಕ್ಕ ಮಕ್ಕಳಿಗೆ ಮೊದಲ ಸಲ ಸೋಂಕು ಬಂದಾಗ ವಸಡೆಲ್ಲ ಊದಿ, ಜ್ವರ ಬಂದು, ನೀರೂ ಕುಡಿಯದಂತಾಗುವುದುಂಟು. ಅವರಿಗೆ ತುಟಿಯ ಮುಲಾಮಿಗಿಂತ ನೀರಿನ ಕೊರತೆಯಾಗದಂತೆ ನೋಡಿಕೊಳ್ಳುವುದು ಮುಖ್ಯ. ಜ್ವರದ ಜೊತೆಗೆ ಗುಳ್ಳೆ ಎದ್ದರೆ ಗುಳ್ಳೆಯನ್ನು ಬಿಟ್ಟು ಜ್ವರದ ಕಡೆ ಗಮನ ಕೊಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಕಾಡಿನ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ತುಟಿ ಒಡೆಯುವ ಇದೇ ಚಳಿ ಮತ್ತು ಬೇಸಿಗೆ. ಕಾಡಿಗೆ ಸೊಪ್ಪಿಗೋ ದರಗಿಗೋ ಹೋಗಿಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಕಿತ್ತುಬರುವ ನೋವು ಬಂದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಇನ್ನು, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಕೆಳತುಟಿಯಲ್ಲಿ ಮತ್ತೆ ಮತ್ತೆ ಸಿಪ್ಪೆ ಏಳುವ ಒರಟು ಬಿಳಿ ಮಚ್ಚೆ, ಕೈಗೆ ತಾಗುವ ಗಂಟು, ಖಾರ ತಿಂದಾಗ ಉರಿ ಹೆಚ್ಚಿ ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯದಿರುವುದು, ಇವು ಒಡೆದ ತುಟಿಯೂ ಅಲ್ಲ, ವೈರಾಣುವಿನ ಗುಳ್ಳೆಯೂ ಅಲ್ಲ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ನಮ್ಮ ಜಿಲ್ಲೆಯಲ್ಲಿ ಈ ಮಾತು ಯಾರಿಗೂ ಹಿತವಲ್ಲ, ಆದರೆ ಎಲೆಯಡಿಕೆ, ಗುಟ್ಕಾ, ಹೊಗೆಸೊಪ್ಪಿನ ಅಭ್ಯಾಸ ಇರುವವರು ಇಂಥ ಗುರುತು ಕಂಡಾಗ ಮುಲಾಮು ಬದಲಾಯಿಸುತ್ತ ಕೂರದೆ, ಹತ್ತಿರದ ದಂತವೈದ್ಯರಿಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗಿ ಬಾಯಿ ತೆರೆದು ತೋರಿಸಬೇಕು, ಎಷ್ಟು ವರ್ಷದಿಂದ ಹಾಕುತ್ತಿದ್ದೀರಿ ಎಂದು ಕೇಳಿದಾಗ ಮುಚ್ಚಿಡದೆ ಹೇಳಬೇಕು.